ಕಾಯಕಜೀವಿಗಳ ಬಂಧು ಹರ್ಮನ್ ಶುಲ್ಟ್ಸೆ

ಕಾಯಕವೆಂಬುದು ಒಬ್ಬೊಬ್ಬನೂ ತನ್ನ ಕೈಯಿಂದಲೇ ಮಾಡತಕ್ಕುದು; ಒಬ್ಬನ ಪರವಾಗಿ ಮತ್ತೊಬ್ಬನು ಮಾಡಿ ಮುಗಿಸುವಂತಹುದಲ್ಲ. ಆದರೆ ಕಾಯಕವು ಅವರವರದಾದ ಮಾತ್ರಕ್ಕೆ ಕಾಯಕಜೀವಿಯು ಒಂಟಿಯಾಗಿಯೇ ಬಾಳಬೇಕೆಂದು ಶರಣರು ಬೋಧಿಸಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ ಮೊದಲಾದವರು ಬೇರೆ ಬೇರೆ ಕಸುಬಿನವರಾಗಿದ್ದರೂ ಒಂದೇ ಶರಣಬಳಗಕ್ಕೆ ಸೇರಿದವರು. ಕಾಯಕದ ಶುದ್ಧಿಯು ವ್ಯಕ್ತಿಗೆ ಸೇರಿದುದು. ಕಾಯಕಜೀವಿಯ ರಕ್ಷಣೆಯು ಬಳಗಕ್ಕೆ ಸೇರಿದುದು. ಈ ಎರಡನೆಯ ತತ್ವವನ್ನು ನಿತ್ಯದ ವ್ಯಾಪಾರ ವ್ಯವಹಾರಗಳಲ್ಲಿ ನೆಲೆಗೊಳಿಸುವ ಬಗೆ ಹೇಗೆ? ಅಂಗಡಿಯ ಲೆಕ್ಕ, ಸಾಲದ ಕಾಗದ, ಸರಕಿನ ಬೆಲೆ ಇವುಗಳ ನಡುವೆ ಬಳಗದ ಬಲವು ಕೆಲಸಮಾಡುವುದೆಂತು? ಹತ್ತೊಂಬತ್ತನೆಯ ಶತಮಾನದಲ್ಲಿ ದೂರದ ಜರ್ಮನಿಯ ಒಬ್ಬ ನ್ಯಾಯಾಧೀಶರು ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ತಮ್ಮ ಬಾಳನ್ನು ಸವೆಸಿದರು. ಅವರ ಮತ ಬೇರೆ, ಭಾಷೆ ಬೇರೆ, ಕಾಲ ಬೇರೆ. ಆದರೆ ಅವರು ಕಂಡುಕೊಂಡ ಸತ್ಯವು ಕಾಯಕ ದಾಸೋಹಗಳನ್ನು ನಂಬಿದವರಿಗೆ ಅಪರಿಚಿತವೆನಿಸಲಾರದು.

ಅವರ ಹೆಸರು ಹರ್ಮನ್ ಶುಲ್ಟ್ಸೆ. ಲೈಪ್‌ಜಿಗ್ ನಗರದ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ಡೇಲಿಚ್ ಎಂಬ ಚಿಕ್ಕ ಪಟ್ಟಣದಲ್ಲಿ 1808ನೆಯ ಇಸವಿ ಆಗಸ್ಟ್ 29ರಂದು ಅವರು ಜನಿಸಿದರು. ಆಗ ಆ ಪಟ್ಟಣವು ಸ್ಯಾಕ್ಸನಿಯ ಅರಸನಿಗೆ ಸೇರಿತ್ತು. 1815ರಲ್ಲಿ ಪ್ರಷ್ಯಾ ರಾಜ್ಯದ ವಶವಾಯಿತು. ತಂದೆಯು ಪಟ್ಟಣದ ಪುರಾಧ್ಯಕ್ಷರಾಗಿದ್ದುದಲ್ಲದೆ ನ್ಯಾಯವಿಚಾರಣೆಯ ಕಾರ್ಯವನ್ನೂ ನಿರ್ವಹಿಸುತ್ತಿದ್ದರು. ಮಗನು ಲೈಪ್‌ಜಿಗ್ ಮತ್ತು ಹಾಲೆ ವಿಶ್ವವಿದ್ಯಾಲಯಗಳಲ್ಲಿ ಧರ್ಮಶಾಸ್ತ್ರವನ್ನು, ಎಂದರೆ ಇಂದಿನ ಮಾತಿನಲ್ಲಿ ಕಾನೂನನ್ನು, ವ್ಯಾಸಂಗ ಮಾಡಿ ಸರಕಾರದ ನ್ಯಾಯಸ್ಥಾನಗಳಲ್ಲಿ ಅನುಭವ ಪಡೆದರು. 1841ರಲ್ಲಿ ತವರೂರಾದ ಡೇಲಿಚ್‌ನಲ್ಲಿಯೇ ನ್ಯಾಯಾಧೀಶರಾಗಿ ನೆಲೆಸಿದರು. ನ್ಯಾಯಪೀಠದಲ್ಲಿ ಕುಳಿತವನಿಗೆ ಊರಿನ ಬಡತನವು ಮರೆಯಾಗಿರುವುದಿಲ್ಲ. ಸಾಲ ತೀರಿಸಲಾರದವನು, ಉಪಕರಣಗಳನ್ನು ಒತ್ತೆಯಿಟ್ಟವನು, ಬಾಡಿಗೆ ಕೊಡಲಾರದೆ ಮನೆ ಬಿಟ್ಟವನು ಇವರೆಲ್ಲರೂ ಕೊನೆಗೆ ಬರುವುದು ನ್ಯಾಯಸ್ಥಾನದ ಬಾಗಿಲಿಗೇ.

ಆ ಕಾಲದಲ್ಲಿ ಜರ್ಮನಿಯ ಸಣ್ಣ ಕುಶಲಕರ್ಮಿಗಳ ಸ್ಥಿತಿಯು ಬಹು ಶೋಚನೀಯವಾಗಿತ್ತು. ತಲೆಮಾರುಗಳಿಂದ ಬಂದಿದ್ದ ಕಸುಬಿನ ಶ್ರೇಣಿಗಳ ಕಟ್ಟು ಸಡಿಲವಾಗಿತ್ತು. ಯಂತ್ರದಿಂದ ತಯಾರಾದ ಅಗ್ಗದ ಸರಕು ಪೇಟೆಗೆ ಬರತೊಡಗಿತ್ತು. ಒಬ್ಬ ಮೋಚಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಆತನ ಕೈಚಳಕದಲ್ಲಿ ಕೊರತೆಯಿಲ್ಲ, ಪ್ರಾಮಾಣಿಕತೆಯಲ್ಲಿ ಕೊರತೆಯಿಲ್ಲ, ದುಡಿಮೆಯಲ್ಲಿ ಸೋಮಾರಿತನವಿಲ್ಲ. ಆದರೆ ಚರ್ಮವನ್ನು ಒಂದೆರಡು ತುಂಡುಗಳಂತೆ, ಅದೂ ಉದ್ದರಿಯಾಗಿ, ವರ್ತಕನಿಂದ ಕೊಳ್ಳಬೇಕು. ಉದ್ದರಿ ಕೊಡುವ ವರ್ತಕನು ಹೆಚ್ಚು ಬೆಲೆಗೆ ಹೀನ ಚರ್ಮವನ್ನು ಕೊಟ್ಟರೂ ಆತನು ತುಟಿಪಿಟಕ್ಕೆನ್ನುವಂತಿಲ್ಲ. ಹಳೆಯ ಬಾಕಿ ಇರುವವರೆಗೆ ಬೇರೆ ಅಂಗಡಿಗೆ ಹೋಗುವಂತೆಯೂ ಇಲ್ಲ. ಹೀನ ಚರ್ಮದ ಪಾದರಕ್ಷೆಗೆ ಒಳ್ಳೆಯ ಬೆಲೆ ಬಾರದು. ಬೆಲೆ ಬಾರದುದರಿಂದ ಬಾಕಿ ತೀರದು. ಹಣ ಬೇಕೆಂದು ಸಾಹುಕಾರನಲ್ಲಿಗೆ ಹೋದರೆ ಅಡವಿಗೆ ಭೂಮಿಯಿಲ್ಲ. ಹೀಗೆ ಕಾಯಕವು ಶುದ್ಧವಾಗಿದ್ದರೂ ಕಾಯಕಜೀವಿಯು ಪರಾಧೀನನಾಗುತ್ತಿದ್ದನು. ನೆರೆಯ ಮೋಚಿಯ ಪಾಡೂ ಇದೇ. ಆದರೂ ಆ ಇಬ್ಬರೂ ಪರಸ್ಪರರನ್ನು ಪ್ರತಿಸ್ಪರ್ಧಿಗಳೆಂದು ಬಗೆದು ದೂರವಿರುತ್ತಿದ್ದರು.

1846 ಮತ್ತು 1847ರಲ್ಲಿ ಯುರೋಪಿನ ಅನೇಕ ಪ್ರದೇಶಗಳಲ್ಲಿ ಬೆಳೆ ಕೆಟ್ಟು ಧಾನ್ಯದ ಬೆಲೆಯು ಏರಿತು. ಡೇಲಿಚ್‌ನ ಬಡವರಿಗೆ ರೊಟ್ಟಿಯು ದುರ್ಲಭವಾಯಿತು. ಆಗ ಶುಲ್ಟ್ಸೆಯವರು ಊರಿನವರ ಒಂದು ಮಂಡಲಿಯನ್ನು ಕೂಡಿಸಿ, ಧಾನ್ಯವನ್ನು ಒಟ್ಟಾಗಿ ಕೊಂಡು, ಒಂದು ಗಿರಣಿಯನ್ನೂ ಒಂದು ರೊಟ್ಟಿಯ ಭಟ್ಟಿಯನ್ನೂ ಬಾಡಿಗೆಗೆ ಹಿಡಿದು, ರೊಟ್ಟಿ ಮಾಡಿಸಿ ಹಂಚಿಸಿದರು. ಹಸಿದವರಿಗೆ ಅನ್ನ ದೊರೆಯಿತು. ಬರವು ಕಳೆದ ಮೇಲೆ ಗಿರಣಿ ಭಟ್ಟಿಗಳ ಕೆಲಸವೂ ನಿಂತಿತು. ಆಪತ್ಕಾಲಕ್ಕೆ ಇಂತಹ ಅನ್ನದಾನವು ಬೇಕೇ ಬೇಕು. ಅದರ ಪುಣ್ಯವು ದೊಡ್ಡದು. ಆದರೆ ಮೋಚಿಯು ಮರುದಿನ ಮತ್ತೆ ಅದೇ ವರ್ತಕನ ಬಾಗಿಲಿಗೇ ಹೋಗಬೇಕಾಗಿತ್ತು. ಹಸಿವೆಯನ್ನು ಒಂದು ದಿನ ತಣಿಸುವುದು ಬೇರೆ, ಹಸಿವೆಯ ಮೂಲವನ್ನು ಕೀಳುವುದು ಬೇರೆ ಎಂಬುದು ಶುಲ್ಟ್ಸೆಯವರ ಮನಸ್ಸಿನಲ್ಲಿ ಬೇರೂರಿತು.

1848ರಲ್ಲಿ ಪ್ರಷ್ಯಾದಲ್ಲಿ ರಾಜಕೀಯ ಕ್ರಾಂತಿಯುಂಟಾಗಿ ಬರ್ಲಿನ್ನಿನಲ್ಲಿ ರಾಷ್ಟ್ರಸಭೆಯು ಕೂಡಿತು. ಡೇಲಿಚ್‌ನ ಜನರು ಶುಲ್ಟ್ಸೆಯವರನ್ನು ತಮ್ಮ ಪ್ರತಿನಿಧಿಯಾಗಿ ಆರಿಸಿ ಕಳುಹಿಸಿದರು. ಆ ಸಭೆಯಲ್ಲಿ ಶುಲ್ಟ್ಸೆ ಎಂಬ ಹೆಸರಿನವರು ಹಲವರಿದ್ದುದರಿಂದ ಗುರುತಿಗಾಗಿ ಅವರ ಹೆಸರಿನ ಜೊತೆಗೆ ಊರಿನ ಹೆಸರು ಸೇರಿತು. ಅಂದಿನಿಂದ ಅವರು ಶುಲ್ಟ್ಸೆ-ಡೇಲಿಚ್ ಎಂದೇ ಪ್ರಸಿದ್ಧರಾದರು. ಕುಶಲಕರ್ಮಿಗಳ ದುಃಸ್ಥಿತಿಯನ್ನು ವಿಚಾರಿಸುವ ಮಂಡಲಿಗೆ ಅವರೇ ಅಧ್ಯಕ್ಷರು. ದೇಶದ ಮೂಲೆಮೂಲೆಗಳಿಂದ ಸಾವಿರಕ್ಕೂ ಮಿಕ್ಕ ಮನವಿಗಳು ಅವರ ಮುಂದೆ ಬಂದು ಬಿದ್ದವು. ಹಳೆಯ ಶ್ರೇಣಿಗಳ ಅಧಿಕಾರವನ್ನು ಮರಳಿ ಸ್ಥಾಪಿಸಬೇಕು, ಯಂತ್ರಾಲಯಗಳನ್ನು ತಡೆಯಬೇಕು ಎಂಬುದು ಅನೇಕರ ಪ್ರಾರ್ಥನೆ. ಆ ಮನವಿಗಳಲ್ಲಿದ್ದ ನೋವು ನಿಜವೆಂದು ಅವರು ಒಪ್ಪಿದರು. ಬೇಡಿದ ಪರಿಹಾರವನ್ನು ಮಾತ್ರ ಒಪ್ಪಲಿಲ್ಲ. ಹರಿದು ಬರುವ ಹೊಳೆಗೆ ಅಡ್ಡಗೋಡೆ ಕಟ್ಟಿ ನಿಲ್ಲಿಸಲಾಗದು. ಹೊಳೆಯನ್ನು ದಾಟಲು ದೋಣಿಯನ್ನು ಕಟ್ಟಬೇಕು. ದೊಡ್ಡ ಬಂಡವಾಳದವನಿಗೆ ದೊರೆಯುವ ಅನುಕೂಲಗಳು ಸಣ್ಣವರಿಗೂ ದೊರೆಯುವಂತೆ ಸಣ್ಣವರು ಕೂಡಬೇಕು ಎಂಬುದು ಅವರ ನಿರ್ಣಯ.

ಅರಸನಿಗೂ ರಾಷ್ಟ್ರಸಭೆಗೂ ವಿರಸ ಬೆಳೆದು, ಅದೇ ವರುಷದ ನವೆಂಬರಿನಲ್ಲಿ ಸಭೆಯು ತೆರಿಗೆ ನಿರಾಕರಣೆಯ ನಿರ್ಣಯವನ್ನು ಮಾಡಿತು. ಅದರಲ್ಲಿ ಪಾಲುಗೊಂಡ ಶುಲ್ಟ್ಸೆಯವರ ಮೇಲೆ ಸರಕಾರವು ಮೊಕದ್ದಮೆ ಹೂಡಿತು. 1850ರಲ್ಲಿ ಅವರು ನಿರ್ದೋಷಿಯೆಂದು ಬಿಡುಗಡೆ ಹೊಂದಿದರೂ ಮೇಲಧಿಕಾರಿಗಳ ಅವಕೃಪೆಯು ತಪ್ಪಲಿಲ್ಲ.

ಸಭೆಯು ಮುರಿದು ಊರಿಗೆ ಮರಳಿದ ಅವಧಿಯಲ್ಲಿಯೇ, ಎಂದರೆ 1849ರಲ್ಲಿ, ಅವರ ನಿಜವಾದ ಜೀವಿತಕಾರ್ಯವು ಮೊದಲಾಯಿತು. ಮೊದಲು ರೋಗಿಗಳಿಗೂ ಮೃತರ ಕುಟುಂಬಗಳಿಗೂ ನೆರವಾಗುವ ಒಂದು ನಿಧಿಯು ಏರ್ಪಟ್ಟಿತು. ಬಳಿಕ ಊರಿನ ಬಡಗಿಗಳು ಮರವನ್ನು ಒಟ್ಟಾಗಿ ಕೊಳ್ಳುವುದಕ್ಕೆ ಒಂದು ಸಂಘವನ್ನು ಕಟ್ಟಿದರು. ವರ್ಷಾಂತ್ಯಕ್ಕೆ 57 ಮಂದಿ ಮೋಚಿಗಳು ಕೂಡಿ ಚರ್ಮ ಕೊಳ್ಳುವ ಸಂಘವನ್ನು ಸ್ಥಾಪಿಸಿದರು. ಅದರ ಕಾರ್ಯಕ್ರಮವು ಸರಳವಾಗಿತ್ತು. ಎಲ್ಲರೂ ಕೂಡಿ, ಎಲ್ಲರ ಹೊಣೆಯ ಮೇಲೆ, ಒಂದು ಮೊತ್ತವನ್ನು ಸಾಲ ಪಡೆಯುವುದು. ಆ ಹಣದಿಂದ ಸಗಟು ಬೆಲೆಗೆ ಒಳ್ಳೆಯ ಚರ್ಮವನ್ನು ಕೊಂಡು ಸಂಘದ ಉಗ್ರಾಣದಲ್ಲಿ ಇಡುವುದು. ಸದಸ್ಯನು ತನಗೆ ಬೇಕಾದಷ್ಟನ್ನು ಅಲ್ಲಿಂದ ಕೊಳ್ಳುವುದು. ಕೊಂಡ ಬೆಲೆಗಿಂತ ತುಸು ಹೆಚ್ಚಿನ ದರವನ್ನು ಸಂಘವು ವಿಧಿಸಿ, ಬಡ್ಡಿ ಮತ್ತು ಖರ್ಚು ಕಳೆದು ಉಳಿದುದನ್ನು ಸದಸ್ಯರ ಹಿತಕ್ಕೆ ಬಳಸುವುದು. ಪಾದರಕ್ಷೆಯನ್ನು ಮಾತ್ರ ಪ್ರತಿಯೊಬ್ಬನೂ ತನ್ನ ಮನೆಯಲ್ಲಿ, ತನ್ನ ಹೆಸರಿನಲ್ಲಿ, ತನ್ನ ಗಿರಾಕಿಗೆ ಮಾಡಿ ಮಾರುತ್ತಿದ್ದನು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಆ 57 ಮಂದಿಯ ನಡುವೆ ಸ್ಪರ್ಧೆಯು ನಿಂತುಹೋಗಲಿಲ್ಲ. ಯಾರ ಹೊಲಿಗೆ ಅಚ್ಚುಕಟ್ಟೋ ಅವನ ಅಂಗಡಿಗೆ ಗಿರಾಕಿಗಳು ಹೆಚ್ಚು. ಕೈಯ ಕುಶಲತೆಯಲ್ಲಿ ಸ್ಪರ್ಧೆ, ಕೊಳ್ಳುವುದರಲ್ಲಿ ಒಗ್ಗಟ್ಟು. ಒಬ್ಬೊಬ್ಬನಿಗೆ ಅಸಾಧ್ಯವಾದುದನ್ನು ಮಾತ್ರ ಕೂಡಿ ಮಾಡುವುದು, ಸಾಧ್ಯವಾದುದನ್ನು ಅವರವರಿಗೇ ಬಿಡುವುದು ಎಂಬ ಈ ವಿವೇಕವೇ ಸಂಘವನ್ನು ಉಳಿಸಿತು. ಕೂಡುವುದೆಂದರೆ ತನ್ನತನವನ್ನು ಕಳೆದುಕೊಳ್ಳುವುದೆಂಬ ಭಯದಿಂದ ದೂರ ನಿಂತವರಿಗೆ ಇದೊಂದು ಸಮಾಧಾನ.

ಚರ್ಮ ಮರಗಳ ಕೊರತೆಯು ಹೀಗೆ ನೀಗಿದರೂ ಕೈಯಲ್ಲಿ ಓಡಾಡುವ ಹಣದ ಕೊರತೆಯು ಉಳಿದೇ ಇತ್ತು. ಆದುದರಿಂದ 1850ರಲ್ಲಿ ಶುಲ್ಟ್ಸೆಯವರು ಡೇಲಿಚ್‌ನಲ್ಲಿ ಮುಂಗಡ ಸಾಲದ ಸಂಘವೊಂದನ್ನು ಆರಂಭಿಸಿದರು. ಅದರ ಬಂಡವಾಳದಲ್ಲಿ ಊರಿನ ಸ್ಥಿತಿವಂತರು ದಯೆಯಿಂದ ಕೊಟ್ಟ ಹಣವೂ ಸೇರಿತ್ತು. ಉದ್ದೇಶವು ನಿರ್ಮಲವಾಗಿತ್ತು, ಆದರೆ ಅಡಿಪಾಯದಲ್ಲಿ ಒಂದು ದೋಷವಿತ್ತು. ದಾನವಾಗಿ ಬಂದ ಹಣವನ್ನು ಪಡೆದವನಿಗೆ ಅದು ಪರರ ಹಣವೆಂಬ ಭಾವನೆಯುಂಟಾಗುವುದು ಸಹಜ. ಹಿಂದಿರುಗಿಸುವುದರಲ್ಲಿ ಅವಸರವಿಲ್ಲ; ಸಂಘವು ನಡೆದರೂ ನಿಂತರೂ ತನಗೆ ನಷ್ಟವಿಲ್ಲ. ದಾನಿಗಳ ಉತ್ಸಾಹವಾದರೋ ಬೇಸಗೆಯ ಕೆರೆಯಂತೆ ದಿನದಿನಕ್ಕೆ ಇಳಿಯತಕ್ಕುದು.

ಇಷ್ಟರಲ್ಲಿ ಸರಕಾರವು ಅವರನ್ನು ಪೋಸೆನ್ ಪ್ರಾಂತದ ವ್ರೆಶೆನ್ ಎಂಬ ದೂರದ ಊರಿಗೆ ನ್ಯಾಯಾಧೀಶರನ್ನಾಗಿ ವರ್ಗಮಾಡಿತು. ರಜೆಯಲ್ಲಿ ತವರೂರಿಗೆ ಹೋದ ಕಾರಣಕ್ಕಾಗಿ ಅವರ ಸಂಬಳವನ್ನು ಕತ್ತರಿಸಲಾಯಿತು. ಆತ್ಮಗೌರವವುಳ್ಳ ಶುಲ್ಟ್ಸೆಯವರು 1851ರಲ್ಲಿ ಉದ್ಯೋಗವನ್ನೇ ತ್ಯಜಿಸಿ ಡೇಲಿಚ್‌ಗೆ ಮರಳಿದರು. ನಿಶ್ಚಿತವಾದ ವರಮಾನವು ಹೋಯಿತು. ಆದರೆ ದಿನದ ಎಲ್ಲ ಗಳಿಗೆಗಳೂ ಸಂಘಗಳ ಕಾರ್ಯಕ್ಕೆ ದೊರೆತವು.

ಮರಳಿ ಬಂದವರು ಕಂಡ ದೃಶ್ಯವು ಅವರ ಬಾಳಿನ ದಿಕ್ಕನ್ನು ಸ್ಥಿರಗೊಳಿಸಿತು. ತಾವು ನೆಟ್ಟ ಮುಂಗಡ ಸಂಘವು ಸೊರಗಿತ್ತು. ಆದರೆ ಸಮೀಪದ ಐಲೆನ್‌ಬುರ್ಗ್ ಪಟ್ಟಣದಲ್ಲಿ, ಅವರದನ್ನೇ ನೋಡಿ ಆರಂಭವಾಗಿದ್ದ ಇನ್ನೊಂದು ಸಂಘವು ಸೊಂಪಾಗಿ ಬೆಳೆದಿತ್ತು. ಅದನ್ನು ಕಟ್ಟಿದವರು ಬರ್ನ್‌ಹಾರ್ಡಿ ಎಂಬ ವೈದ್ಯ ಮತ್ತು ಬ್ಯೂರ್ಮನ್ ಎಂಬ ದರ್ಜಿ. ಅಲ್ಲಿ ದಾನದ ಹಣಕ್ಕೆ ಆಸ್ಪದವಿರಲಿಲ್ಲ. ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು. ಅಲ್ಪವಾದರೂ ತನ್ನ ಪಾಲಿನ ಹಣವನ್ನು ಕಟ್ಟಬೇಕು. ಸಂಘವು ಹೊರಗಿನಿಂದ ತಂದ ಸಾಲಕ್ಕೆ ಎಲ್ಲ ಸದಸ್ಯರೂ ತಮ್ಮ ಸರ್ವಸ್ವದಿಂದ ಹೊಣೆಯಾಗಬೇಕು. ಶಿಷ್ಯನ ಗಿಡವು ಗುರುವಿನ ಗಿಡವನ್ನು ಮೀರಿ ಬೆಳೆದಾಗ ಗುರುವಿಗೆ ಅಸೂಯೆ ಹುಟ್ಟುವುದುಂಟು. ಶುಲ್ಟ್ಸೆಯವರಲ್ಲಿ ಅದು ಹುಟ್ಟಲಿಲ್ಲ. ತಮ್ಮ ತಪ್ಪನ್ನು ಒಪ್ಪಿ, ಆ ವೈದ್ಯನ ಮತ್ತು ದರ್ಜಿಯ ಮಾರ್ಗವನ್ನೇ ಅನುಸರಿಸಿ, 1852ರಲ್ಲಿ ಡೇಲಿಚ್‌ನ ಸಂಘವನ್ನು ಬುಡದಿಂದ ಪುನಃ ಕಟ್ಟಿದರು. ಮುಂದೆ ಲೋಕವು ಅವರ ಹೆಸರಿನಿಂದ ಕರೆದ ಪದ್ಧತಿಯು ಹೀಗೆ ಸ್ಥಿರರೂಪವನ್ನು ಪಡೆಯಿತು. ಹಿರಿಯನು ಕಿರಿಯನಿಂದ ಕಲಿತ ಈ ವಿನಯವಿಲ್ಲದಿದ್ದರೆ ಅವರ ಕಾರ್ಯವು ಒಂದು ಊರಿನ ಸತ್ಕಾರ್ಯವಾಗಿಯೇ ಮುಗಿಯುತ್ತಿತ್ತು.

ಆ ಪದ್ಧತಿಯ ಅಂಗಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಸದಸ್ಯನು ಪ್ರವೇಶಶುಲ್ಕವನ್ನು ಕೊಟ್ಟು ಒಂದು ಪಾಲನ್ನು ಪಡೆಯಬೇಕು. ಒಮ್ಮೆಲೇ ಕೊಡಲಾರದವನು ಸಣ್ಣ ಕಂತುಗಳಲ್ಲಿ ಕೊಡಬಹುದು. ಕಂತು ಕಟ್ಟುವ ನಿಯಮವೇ ಉಳಿತಾಯದ ಪಾಠಶಾಲೆ. ಸಾಲವನ್ನು ಸಂಘದ ಸದಸ್ಯನಿಗೆ, ಆತನ ಕಸುಬಿನ ಅಗತ್ಯಕ್ಕೆ, ಅಲ್ಪಾವಧಿಗೆ ಕೊಡಬೇಕು. ಬಡ್ಡಿಯು ಪೇಟೆಯ ನ್ಯಾಯವಾದ ದರದಂತಿರಬೇಕು. ಕನಿಕರದ ದರವು ಸಂಘವನ್ನೇ ಕೊಲ್ಲುವುದು. ಆಡಳಿತವು ಸದಸ್ಯರ ಸಭೆಯಲ್ಲಿ ಆರಿಸಿಬಂದವರ ಕೈಯಲ್ಲಿರಬೇಕು; ಸಭೆಯಲ್ಲಿ ಹೆಚ್ಚು ಹಣದವನಿಗೂ ಅಲ್ಪ ಹಣದವನಿಗೂ ಒಂದೇ ಮತ. ವರ್ಷದ ಲಾಭದಲ್ಲಿ ಒಂದು ಭಾಗವು ಮೀಸಲು ನಿಧಿಗೆ, ಉಳಿದುದು ಪಾಲಿಗನುಸಾರವಾಗಿ ಸದಸ್ಯರಿಗೆ.

ಇವೆಲ್ಲಕ್ಕೂ ಮೂಲಾಧಾರವು ಪರಸ್ಪರ ಹೊಣೆ. ಒಬ್ಬ ಬಡ ಮೋಚಿಯ ಮಾತನ್ನು ನಂಬಿ ಹಣ ಕೊಡುವವರು ಯಾರೂ ಇಲ್ಲ. ಆತನು ನಾಳೆ ಕಾಯಿಲೆ ಬೀಳಬಹುದು, ಸಾಯಬಹುದು. ಆದರೆ ಐವತ್ತು ಮಂದಿ ದುಡಿಯುವವರು ಒಬ್ಬೊಬ್ಬರ ಸಾಲಕ್ಕೂ ಎಲ್ಲರೂ ಹೊಣೆಯೆಂದು ಬರೆದುಕೊಟ್ಟರೆ, ಐವತ್ತು ಮಂದಿಯೂ ಒಂದೇ ದಿನ ಕಾಯಿಲೆ ಬೀಳುವುದಿಲ್ಲ. ಬಿಡಿಬಿಡಿಯಾಗಿ ಶೂನ್ಯವಾಗಿದ್ದ ನಂಬಿಕೆಯು ಕೂಡಿದಾಗ ಬಂಡವಾಳವಾಗುತ್ತದೆ. ಇದರಲ್ಲಿ ಅಪಾಯವೂ ಉಂಟು. ಒಬ್ಬನು ಮೋಸಮಾಡಿದರೆ ಉಳಿದವರ ಮನೆ ಮಾರುಗಳು ಹೋಗಬಹುದು. ಆದುದರಿಂದಲೇ ಯಾರನ್ನು ಸೇರಿಸಿಕೊಳ್ಳಬೇಕು, ಯಾರ ನಡತೆ ಎಂತಹುದು, ಯಾವನು ಪಡೆದ ಸಾಲವನ್ನು ಕಸುಬಿಗೆ ಬಳಸಿದನು, ಯಾವನು ಪಾನಗೃಹದಲ್ಲಿ ಕಳೆದನು ಎಂಬುದನ್ನು ಪ್ರತಿಯೊಬ್ಬನೂ ಎಚ್ಚರದಿಂದ ನೋಡಬೇಕಾಯಿತು. ಜಾಮೀನಿಗೆ ಭೂಮಿಯಿಲ್ಲದವನಿಗೆ ಆತನ ನಡತೆಯೇ ಜಾಮೀನಾಯಿತು.

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದ ಕಥೆಯನ್ನು ಅರಿಯದ ಶರಣಕುಟುಂಬವಿಲ್ಲ. ತನ್ನ ಕಾಯಕದಿಂದ ಬಾರದ ಅಕ್ಕಿಯು ಆ ತಾಯಿಗೆ ಭಾರವೆನಿಸಿತು. ದಯೆಯ ಹಣದಿಂದ ನಡೆದ ಸಂಘವು ಸೊರಗಿ, ತಮ್ಮ ಬೆವರಿನ ಕಾಸುಗಳಿಂದ ನಡೆದ ಸಂಘವು ಬೆಳೆದುದರಲ್ಲಿ ಇದೇ ಧರ್ಮಸೂಕ್ಷ್ಮವಡಗಿದೆ. ದಾಸೋಹವೂ ಭಿಕ್ಷೆಯೂ ಒಂದಲ್ಲ. ಕಾಯಕ ಮಾಡಿದವನು ತನ್ನ ಪಾಲನ್ನು ಬಳಗದ ಮುಂದಿಟ್ಟು, ಬಳಗದೊಡನೆ ಉಣ್ಣುವುದು ದಾಸೋಹ. ಅಲ್ಲಿ ಕೊಟ್ಟವನೂ ತಲೆಯೆತ್ತುವುದಿಲ್ಲ, ಪಡೆದವನೂ ತಲೆತಗ್ಗಿಸುವುದಿಲ್ಲ.

ಸಂಘಗಳ ನಿಯಮಗಳನ್ನು ವಿವರಿಸಿ ಶುಲ್ಟ್ಸೆಯವರು 1853ರಲ್ಲಿ ಕುಶಲಕರ್ಮಿಗಳಿಗಾಗಿ ಒಂದು ಗ್ರಂಥವನ್ನು ಪ್ರಕಟಿಸಿದರು. ಜನರ ಬ್ಯಾಂಕುಗಳ ಮೇಲೆ ಮತ್ತೊಂದು ಗ್ರಂಥವು ಬಂದಿತು. ಊರೂರುಗಳಿಂದ ಪ್ರಶ್ನೆಗಳು ಬಂದವು. ಅವರು ಉತ್ತರ ಬರೆದರು, ಪ್ರವಾಸ ಮಾಡಿದರು, ಲೆಕ್ಕದ ಪುಸ್ತಕ ಇಡುವ ಬಗೆಯನ್ನು ಕಲಿಸಿದರು. 1859ರಲ್ಲಿ ವೈಮಾರ್ ನಗರದಲ್ಲಿ ಈ ಸಂಘಗಳ ಪ್ರತಿನಿಧಿಗಳು ಮೊದಲ ಬಾರಿಗೆ ಒಂದೆಡೆ ಸೇರಿದರು. 1864ರಲ್ಲಿ ಸಂಘಗಳ ಮಹಾಮಂಡಲವೊಂದು ರೂಪುಗೊಂಡಿತು. 1865ರಲ್ಲಿ ಸಂಘಗಳಿಗೇ ಹಣದ ಆಸರೆ ಕೊಡುವ ಕೇಂದ್ರ ಬ್ಯಾಂಕು ಬರ್ಲಿನ್ನಿನಲ್ಲಿ ಆರಂಭವಾಯಿತು. ವ್ಯಕ್ತಿಗಳು ಕೂಡಿ ಸಂಘವಾದಂತೆ ಸಂಘಗಳು ಕೂಡಿ ಮಂಡಲವಾದವು. ಒಂದು ಊರಿನಲ್ಲಿ ಹಣ ಉಳಿದಾಗ ಇನ್ನೊಂದು ಊರಿನಲ್ಲಿ ಕೊರತೆಯಿರುವುದುಂಟು. ಒಂದರ ತಪ್ಪು ಇನ್ನೊಂದಕ್ಕೆ ಪಾಠವಾಗುವುದುಂಟು. ಒಂಟಿ ಮೋಚಿಯ ದೌರ್ಬಲ್ಯವು ಒಂಟಿ ಸಂಘಕ್ಕೂ ತಪ್ಪಿದುದಲ್ಲ ಎಂಬುದನ್ನು ಅವರು ಮೊದಲೇ ಅರಿತಿದ್ದರು.

ವಿರೋಧವೂ ಬರದೆ ಇರಲಿಲ್ಲ. 1863ರಲ್ಲಿ ಕಾರ್ಮಿಕ ನಾಯಕನಾದ ಫರ್ಡಿನಾಂಡ್ ಲಸ್ಸಾಲ್‌ನು ಶುಲ್ಟ್ಸೆಯವರ ಮಾರ್ಗವನ್ನು ತೀವ್ರವಾಗಿ ಖಂಡಿಸಿದನು. ಉಳಿಸಲು ಕಾಸೇ ಇಲ್ಲದ ಕೂಲಿಕಾರನಿಗೆ ಉಳಿತಾಯವನ್ನು ಬೋಧಿಸುವುದು ವ್ಯರ್ಥವೆಂದೂ, ಸರಕಾರದ ಹಣದಿಂದ ಕಾರ್ಮಿಕರ ಉತ್ಪಾದನಾ ಸಂಘಗಳನ್ನು ಸ್ಥಾಪಿಸಬೇಕೆಂದೂ ಆತನ ವಾದ. ಸರಕಾರದ ಹಣದ ಬೆನ್ನಿಗೆ ಸರಕಾರದ ಅಧಿಕಾರವೂ ಬರುವುದು, ಸ್ವಾವಲಂಬನವು ನಾಶವಾಗುವುದು ಎಂಬುದು ಶುಲ್ಟ್ಸೆಯವರ ಪ್ರತಿವಾದ. ಮರುವರ್ಷವೇ ಲಸ್ಸಾಲ್‌ನು ದ್ವಂದ್ವಯುದ್ಧದಲ್ಲಿ ಗಾಯಗೊಂಡು ಮಡಿದನು. ವಾದವು ಮಾತ್ರ ಇಂದಿಗೂ ಮುಗಿದಿಲ್ಲ. ನಿಷ್ಪಕ್ಷಪಾತವಾಗಿ ನೋಡಿದರೆ ಲಸ್ಸಾಲ್‌ನ ಆಕ್ಷೇಪಣೆಯಲ್ಲಿಯೂ ಸತ್ಯಾಂಶವಿತ್ತು. ಸ್ವಂತ ಉಪಕರಣವೂ ಅಂಗಡಿಯೂ ಇರುವ ಸಣ್ಣ ವ್ಯವಹಾರಸ್ಥನಿಗೆ ಶುಲ್ಟ್ಸೆಯವರ ಮಾರ್ಗವು ರಾಜಮಾರ್ಗವಾಯಿತು. ಏನೂ ಇಲ್ಲದ ಯಂತ್ರಾಲಯದ ಕೂಲಿಕಾರನನ್ನು ಅದು ಅಷ್ಟಾಗಿ ಮುಟ್ಟಲಿಲ್ಲ.

ಹಳ್ಳಿಯ ರೈತರ ವಿಷಯದಲ್ಲಿ ಇನ್ನೊಬ್ಬ ಮಹನೀಯರು ಅದೇ ದೇಶದಲ್ಲಿ ದುಡಿಯುತ್ತಿದ್ದರು. ಅವರೇ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸೆನ್. 1818ರಲ್ಲಿ ಹುಟ್ಟಿ 1888ರಲ್ಲಿ ತೀರಿಕೊಂಡವರು. ಬೆಳೆ ಬರುವವರೆಗೆ ಕಾಯಬೇಕಾದ ರೈತನಿಗೆ ದೀರ್ಘಾವಧಿಯ ಸಾಲ ಬೇಕು, ಪಾಲಿನ ಲಾಭಾಂಶವು ಬೇಡ ಎಂದು ಅವರ ಮತ. ಈ ವಿಷಯದಲ್ಲಿ ಇಬ್ಬರಿಗೂ ಕಠಿಣವಾದ ಚರ್ಚೆ ನಡೆಯಿತು. ಆದರೂ ಅವರ ಅನುಭವಗಳು ಒಂದೆಡೆ ಕೂಡುತ್ತವೆ. ರೈಫೈಸೆನ್ನರೂ ಸ್ಥಿತಿವಂತರ ದಯೆಯ ಆಧಾರದಿಂದಲೇ ಮೊದಲು ಸಂಘಗಳನ್ನು ನಡೆಸಿ, ಅವು ಬಾಳಲಾರವೆಂದು ಕಂಡು, 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸ್ವಸಹಾಯದ ತಳಹದಿಗೆ ತಿರುಗಿದರು. ಬೇರೆ ಬೇರೆ ದಾರಿಯಲ್ಲಿ ನಡೆದ ಇಬ್ಬರು ಸತ್ಪುರುಷರು ಒಂದೇ ತಪ್ಪನ್ನು ಮಾಡಿ ಒಂದೇ ಸತ್ಯವನ್ನು ಕಂಡುಕೊಂಡುದು ವಿಚಾರಾರ್ಹವಾಗಿದೆ.

ಸಂಘಗಳಿಗೆ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿತ್ವವೇ ಇಲ್ಲದುದು ಮತ್ತೊಂದು ತೊಡಕಾಗಿತ್ತು. ಸಂಘವು ತನ್ನ ಹೆಸರಿನಲ್ಲಿ ಆಸ್ತಿಯನ್ನು ಪಡೆಯುವಂತಿಲ್ಲ, ದಾವೆ ಹೂಡುವಂತಿಲ್ಲ. 1861ರಲ್ಲಿ ಪ್ರಷ್ಯಾದ ಶಾಸನಸಭೆಗೆ ಆರಿಸಿಬಂದ ಶುಲ್ಟ್ಸೆಯವರು ತಮ್ಮ ಧರ್ಮಶಾಸ್ತ್ರದ ಪಾಂಡಿತ್ಯವನ್ನು ಈ ಕಾರ್ಯಕ್ಕೆ ವಿನಿಯೋಗಿಸಿದರು. ಅವರ ಪ್ರಯತ್ನದಿಂದ 1867ರಲ್ಲಿ ಪ್ರಷ್ಯಾದಲ್ಲಿ ಸಹಕಾರ ಸಂಘಗಳ ಕಾಯಿದೆಯು ಜಾರಿಗೆ ಬಂದಿತು. ಮರುವರ್ಷ ಅದು ಉತ್ತರ ಜರ್ಮನ್ ಒಕ್ಕೂಟಕ್ಕೆಲ್ಲ ವಿಸ್ತರಿಸಿತು. ಅವರ ಮರಣಾನಂತರ, 1889ರ ಕಾಯಿದೆಯಿಂದ, ಸದಸ್ಯರ ಹೊಣೆಗೆ ಮಿತಿಯನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಸಂಘಗಳಿಗೆ ದೊರೆಯಿತು.

ಇಷ್ಟೊಂದು ಹಣದ ವ್ಯವಹಾರಗಳಿಗೆ ಮೂಲಪುರುಷರಾಗಿದ್ದವರು ತಾವು ಹಣವನ್ನು ಕೂಡಿಡಲಿಲ್ಲ. ಉದ್ಯೋಗವಿಲ್ಲದ ಅವರ ಜೀವನಕ್ಕೆಂದು ಅಭಿಮಾನಿಗಳು ದೇಶದಾದ್ಯಂತ ನಿಧಿಯನ್ನು ಸಂಗ್ರಹಿಸಿ ಸಮರ್ಪಿಸಿದಾಗ, ಪಾಟ್ಸ್‌ಡಾಮ್ ನಗರದಲ್ಲಿ ಸಾಧಾರಣವಾದ ಒಂದು ಮನೆಯನ್ನು ಮಾತ್ರ ಕೊಂಡು, ಉಳಿದ ಹಣವನ್ನು ಸಾರ್ವಜನಿಕ ಕಾರ್ಯಕ್ಕೆ ತಮ್ಮನ್ನು ಮುಡಿಪಾಗಿಟ್ಟವರ ನೆರವಿಗೆಂದು ಶಾಶ್ವತ ನಿಧಿಯಾಗಿ ಇರಿಸಿದರು. ಪರರ ಹಣದ ಋಣವು ಎಂತಹುದೆಂಬುದನ್ನು ಸಂಘಗಳಿಗೆ ಬೋಧಿಸಿದವರು ತಮ್ಮ ಮನೆಯಲ್ಲಿಯೂ ಆ ಬೋಧನೆಯನ್ನು ಮರೆಯಲಿಲ್ಲ. ಮಹಾಮಂಡಲದ ಮುಖ್ಯಸ್ಥರಾಗಿ ಕೊನೆಯವರೆಗೂ ದುಡಿದು, 1883ನೆಯ ಇಸವಿ ಏಪ್ರಿಲ್ 29ರಂದು ಪಾಟ್ಸ್‌ಡಾಮ್‌ನಲ್ಲಿ ದೇಹಬಿಟ್ಟರು. ಮೋಚಿಗಳ ಸಂಘವು ಹುಟ್ಟಿದ ಡೇಲಿಚ್‌ನ ಮನೆಯು ಈಗ ಅವರ ನೆನಪಿನ ವಸ್ತುಸಂಗ್ರಹಾಲಯವಾಗಿದೆ.

ಅವರು ಬಿತ್ತಿದ ಬೀಜವು ಕನ್ನಡನಾಡಿನವರೆಗೂ ಹಾರಿಬಂದಿತು. ಮದರಾಸು ಸರಕಾರದ ಅಧಿಕಾರಿಯಾಗಿದ್ದ ಫ್ರೆಡರಿಕ್ ನಿಕಲ್ಸನ್ನರು ಯುರೋಪಿನ ಸಹಕಾರ ಪದ್ಧತಿಗಳನ್ನು ಅಭ್ಯಾಸಮಾಡಿ 1895 ಮತ್ತು 1897ರಲ್ಲಿ ವರದಿಗಳನ್ನು ಒಪ್ಪಿಸಿದರು. 1904ರಲ್ಲಿ ಭಾರತದ ಪತ್ತಿನ ಸಹಕಾರ ಸಂಘಗಳ ಕಾಯಿದೆಯು ಬಂದಾಗ ಗ್ರಾಮಗಳ ಸಂಘಗಳಿಗೆ ರೈಫೈಸೆನ್ನರ ಮಾರ್ಗವೂ ಪಟ್ಟಣಗಳ ಸಂಘಗಳಿಗೆ ಶುಲ್ಟ್ಸೆಯವರ ಮಾರ್ಗವೂ ಮೇಲ್ಪಂಕ್ತಿಯಾದವು. ಮರುವರ್ಷ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘವು ಸ್ಥಾಪಿತವಾಗಿ ನಾಡಿಗೇ ಮಾದರಿಯಾಯಿತು. 1912ರ ಕಾಯಿದೆಯಿಂದ ಸಾಲದ ಸಂಘಗಳಲ್ಲದೆ ಕೊಳ್ಳುವ, ಮಾರುವ, ಉತ್ಪಾದಿಸುವ ಸಂಘಗಳಿಗೂ ಅವಕಾಶವಾಯಿತು. ಪಟ್ಟಣಗಳ ಸಹಕಾರಿ ಬ್ಯಾಂಕುಗಳೂ ನೇಕಾರರ ಸಂಘಗಳೂ ಈ ವಂಶವೃಕ್ಷದ ಕೊಂಬೆಗಳೇ. ಸಹಕಾರ ಸಂಘಗಳನ್ನು ಕಟ್ಟಿ ಬಾಳುವ ಪರಂಪರೆಯನ್ನು ಯುನೆಸ್ಕೋ ಸಂಸ್ಥೆಯು 2016ರಲ್ಲಿ, ಜರ್ಮನಿಯ ಮನವಿಯ ಮೇರೆಗೆ, ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಸಂಘಗಳು ಹುಟ್ಟಿದಂತೆ ಮುಳುಗಿದುದೂ ಉಂಟು. ಹೊಣೆಯನ್ನು ಮರೆತ ಸದಸ್ಯರು, ಲೆಕ್ಕವನ್ನು ಮುಚ್ಚಿದ ಕಾರ್ಯದರ್ಶಿಗಳು, ಬಂಧುವೆಂಬ ದಾಕ್ಷಿಣ್ಯದಿಂದ ಕೊಟ್ಟ ಸಾಲಗಳು, ಬಾಕಿ ಮನ್ನಾ ಆಗುವುದೆಂಬ ನಿರೀಕ್ಷೆ ಇವು ಯಾವ ದೇಶದಲ್ಲಿಯೂ ಸಂಘವನ್ನು ಉಳಿಸಲಾರವು. ಡೇಲಿಚ್‌ನ ಮೊದಲ ಸಂಘವು ಸೊರಗಿದ ಕಾರಣವನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಮಗ್ಗ ನಡೆಸುವ ನಾಲ್ವರು ನೂಲನ್ನು ಕೂಡಿ ಕೊಳ್ಳಲಿ, ಕಿರಾಣಿ ಅಂಗಡಿಯ ಹತ್ತು ಮಂದಿ ಸಗಟು ಪೇಟೆಯಿಂದ ಒಂದೇ ಬಂಡಿಯಲ್ಲಿ ಸರಕು ತರಿಸಲಿ, ಗಾಣದವರು ಕೂಡಿ ಒಂದು ಯಂತ್ರವನ್ನು ಕೊಳ್ಳಲಿ, ಅವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಪ್ರತಿಯೊಬ್ಬನೂ ತನ್ನ ಪಾಲನ್ನು ಮುಂದಿಟ್ಟಿರುವನೇ? ನೆರೆಯವನ ನಷ್ಟವನ್ನು ತನ್ನ ನಷ್ಟವೆಂದು ಬಗೆಯಲು ಸಿದ್ಧನಿರುವನೇ? ಇವೆರಡಕ್ಕೂ ಹೌದೆಂಬ ಉತ್ತರ ಬಂದರೆ ಹಣದ ಅಲ್ಪತೆಯು ಅಡ್ಡಿಯಾಗದು. ಬಾರದಿದ್ದರೆ ಕುಬೇರನ ಭಂಡಾರವೂ ಸಾಲದು.

ಒಂದು ಚಿಕ್ಕ ಪಟ್ಟಣದ 57 ಮಂದಿ ಮೋಚಿಗಳು ಈ ಎರಡು ಪ್ರಶ್ನೆಗಳಿಗೆ ಹೌದೆಂದು ಉತ್ತರಿಸಿದರು. ಅವರ ಮನೆಯಂಗಳದಲ್ಲಿ ಹಚ್ಚಿದ ಆ ದೀಪದಿಂದ ಹಚ್ಚಿಕೊಂಡ ಹಣತೆಗಳು ಇಂದು ನೂರಾರು ಊರುಗಳಲ್ಲಿ ಉರಿಯುತ್ತಿವೆ. ಎಣ್ಣೆಯನ್ನು ಅವರವರೇ ಎರೆದುಕೊಳ್ಳಬೇಕು. ಗಾಳಿಗೆ ಕೈ ಅಡ್ಡಹಿಡಿಯುವಾಗ ಮಾತ್ರ ಎಲ್ಲರ ಕೈಗಳೂ ಕೂಡಬೇಕು. ಕಾಯಕಜೀವಿಗಳ ಮನೆಮನೆಗಳಲ್ಲಿ ಈ ಬುದ್ಧಿಯು ನೆಲೆಗೊಳ್ಳಲೆಂದು ಪರಶಿವನು ಅನುಗ್ರಹಿಸಲಿ.